ಅಂಕೋಲೆಯ ಪಿನ್‌ಕೋಡಿನೊಳಗೊಂದು ಅವಿಭಾಜ್ಯ

ಮಳೆಗಾಲದ ಒಂದು ಸಂಜೆ ಅಂಕೋಲೆಯ ಅಕ್ಕನ ಮನೆಯಲ್ಲಿ ಕರೆಂಟು ಹೋಗಿತ್ತು. ಒಂಬತ್ತನೇ ತರಗತಿಯ ಅಕ್ಕನ ಮಗಳು ಮೇಣದ ಬತ್ತಿ ಹಚ್ಚಿಟ್ಟು, ಗಣಿತದ ಪಟ್ಟಿಯ ಕೊನೆಯ ಹಾಳೆಯಲ್ಲಿ 581314 ಎಂದು ಬರೆದು ನನ್ನ ಮುಂದೆ ಸರಿಸಿದಳು.

"ಮಾಮಾ, ಇದು ನಮ್ಮ ಪಿನ್‌ಕೋಡು. ಎರಡರಿಂದ ಹೋಗ್ತದೆ. ಆಮೇಲೆ ಯಾವುದರಿಂದಲೂ ಹೋಗೂದಿಲ್ಲ."

ಎರಡರಿಂದ ಭಾಗಿಸಿದರೆ 290657. ಕೊನೆಯಂಕಿ 7, ಹಾಗಾಗಿ 2 ಮತ್ತು 5 ಹೊರಗೆ. ಅಂಕಿಗಳ ಮೊತ್ತ 29, ಹಾಗಾಗಿ 3 ಕೂಡ ಹೊರಗೆ. 7ರಿಂದ ಭಾಗಿಸಿದರೆ 3 ಉಳಿಯಿತು, 11ರಿಂದ 4, 13ರಿಂದ ಮತ್ತೆ 3. ಅವಳು ಅಷ್ಟಕ್ಕೇ ನಿಲ್ಲಿಸಿದ್ದಳು. ಯಾವುದರಿಂದಲೂ ಹೋಗುವುದಿಲ್ಲ ಎಂದು ಹೇಳಬೇಕಾದರೆ ಎಲ್ಲಿಯವರೆಗೆ ಭಾಗಿಸಿ ನೋಡಬೇಕು ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅರ್ಧದವರೆಗೆ" ಎಂದಳು.

ಅಷ್ಟು ದೂರ ಹೋಗಬೇಕಿಲ್ಲ. ಒಂದು ಸಂಖ್ಯೆಗೆ ಅಪವರ್ತನಗಳಿದ್ದರೆ ಅವು ಜೋಡಿಯಾಗಿಯೇ ಇರುತ್ತವೆ. ಒಂದು ದೊಡ್ಡದಾದರೆ ಇನ್ನೊಂದು ಚಿಕ್ಕದಾಗಲೇಬೇಕು. 540ನ್ನು 540ರಿಂದ ಗುಣಿಸಿದರೆ 291600 ಬರುತ್ತದೆ, ಅದು ನಮ್ಮ ಸಂಖ್ಯೆಯನ್ನು ದಾಟಿಬಿಟ್ಟಿತು. ಆದ್ದರಿಂದ ಜೋಡಿಯಲ್ಲಿ ಚಿಕ್ಕದು 539ರೊಳಗೆ ಸಿಗಲೇಬೇಕು. ಆ ಮಿತಿಯೊಳಗಿನ ಅವಿಭಾಜ್ಯ ಸಂಖ್ಯೆಗಳಿಂದ ಮಾತ್ರ ಭಾಗಿಸಿದರೆ ಸಾಕು. ಅವು ಒಟ್ಟು 99, ಕೊನೆಯದು 523. ನೂರನೆಯ ಅವಿಭಾಜ್ಯ 541 ಗಡಿಯಾಚೆ ನಿಂತಿದೆ.

ಇಬ್ಬರೂ ಹಂಚಿಕೊಂಡು ಭಾಗಿಸುತ್ತ ಹೋದೆವು. 31ರಿಂದ ಭಾಗಿಸಿದಾಗ 1 ಉಳಿಯಿತು. 251ರಲ್ಲಿ 250 ಉಳಿಯಿತು, ಅಂದರೆ ಇನ್ನೊಂದು ಇದ್ದಿದ್ದರೆ ಸರಿಯಾಗಿ ಹೋಗುತ್ತಿತ್ತು. 293ರಲ್ಲಿ ಮತ್ತೆ 1. ಪ್ರತಿ ಸಲವೂ ಅವಳು ಉಸಿರು ಬಿಗಿಹಿಡಿದಳು. 523ಕ್ಕೆ ಬರುವಷ್ಟರಲ್ಲಿ ಕರೆಂಟು ಬಂದು ಬಹಳ ಹೊತ್ತಾಗಿತ್ತು, ಊಟ ಆರಿಹೋಗಿತ್ತು. ಶೇಷವಿಲ್ಲದೆ ಒಂದೂ ಹೋಗಲಿಲ್ಲ. ಅವಳ ಮಾತು ನಿಜವಾಗಿತ್ತು: ಅಂಕೋಲೆಯ ಪಿನ್‌ಕೋಡಿನ ಅರ್ಧ ಒಂದು ಅವಿಭಾಜ್ಯ ಸಂಖ್ಯೆ.

ಕಾರವಾರದ 581301 ಇಷ್ಟು ಹಟ ಮಾಡುವುದಿಲ್ಲ. ಅಂಕಿಗಳ ಮೊತ್ತ 18, ಹಾಗಾಗಿ 9ರಿಂದ ಹೋಗುತ್ತದೆ. ಉಳಿದ 64589 ಮತ್ತೆ 7ರಿಂದ ಹೋಗುತ್ತದೆ. ಕೊನೆಗೆ ಸಿಗುವ 9227 ಅವಿಭಾಜ್ಯ. ಆರಂಕಿಯ ಈ ಆಸುಪಾಸಿನಲ್ಲಿ ಸರಾಸರಿ 13 ಸಂಖ್ಯೆಗಳಿಗೊಂದು ಅವಿಭಾಜ್ಯ ಸಿಗುತ್ತದೆ. ಸಂಖ್ಯೆ ದೊಡ್ಡದಾದಂತೆ ಅವು ವಿರಳವಾಗುತ್ತವೆ, ಆದರೆ ಎಂದಿಗೂ ಮುಗಿಯುವುದಿಲ್ಲ. ಕೊನೆಯ ಅವಿಭಾಜ್ಯ ಎಂಬುದೊಂದಿಲ್ಲ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಸಾಧಿಸಿಟ್ಟಿದ್ದಾನೆ.

ಅವಿಭಾಜ್ಯ ಎಂದರೇನು ಎಂಬುದು ಕಾರವಾರದ ಮೀನು ಪೇಟೆಯಲ್ಲಿ ನಿಂತರೆ ಕಣ್ಣಿಗೇ ಕಾಣುತ್ತದೆ. ಹನ್ನೆರಡು ಬಂಗಡೆಯನ್ನು ಎರಡೆರಡರಂತೆ, ಮೂರು ಮೂರರಂತೆ, ನಾಲ್ಕು ಅಥವಾ ಆರರಂತೆ ಸಮನಾಗಿ ಪಾಲು ಹಾಕಿಡಬಹುದು. ಹದಿಮೂರಾದರೆ ಆಗದು, ಒಂದೇ ಗುಪ್ಪೆ, ಇಲ್ಲವೇ ಹದಿಮೂರು ಬಿಡಿ ಮೀನು. ಅವಿಭಾಜ್ಯದ ವ್ಯಾಖ್ಯೆ ಅಷ್ಟೇ. ಆದರೆ ಈ ಹದಿಮೂರಕ್ಕೆ ಹನ್ನೆರಡಕ್ಕಿಲ್ಲದ ಇನ್ನೊಂದು ಗುಣವಿದೆ. ಹನ್ನೆರಡು ಗಂಟೆಯ ಗಡಿಯಾರದಲ್ಲಿ ಮೂರು ಗಂಟೆಯ ಹೆಜ್ಜೆಯನ್ನು ನಾಲ್ಕು ಸಲ ಇಟ್ಟರೆ ಹೊರಟಲ್ಲಿಗೇ ಬಂದು ನಿಲ್ಲುತ್ತೇವೆ. ಮೂರು ಮತ್ತು ನಾಲ್ಕು ಗುಣಿಸಿಕೊಂಡು ಸೊನ್ನೆಯಾಗಿ ಅಳಿಸಿಹೋದವು. ಹದಿಮೂರು ಗಂಟೆಯ ಗಡಿಯಾರವೊಂದಿದ್ದರೆ ಅದರಲ್ಲಿ ಹೀಗಾಗುವುದಿಲ್ಲ. ಸೊನ್ನೆಯಲ್ಲದ ಯಾವ ಎರಡನ್ನು ಗುಣಿಸಿದರೂ ಸೊನ್ನೆ ಬರದು. ಪ್ರತಿ ಗುಣಾಕಾರವನ್ನೂ ಹಿಂದಕ್ಕೆ ಬಿಡಿಸುವ ದಾರಿ ಅಲ್ಲಿದೆ, ಅಂದರೆ ಭಾಗಾಕಾರ ಎಂದೂ ಕೈಕೊಡುವುದಿಲ್ಲ. ದೊಡ್ಡ ಅವಿಭಾಜ್ಯಗಳು ಜಗತ್ತಿನ ಕೆಲಸಕ್ಕೆ ಬಂದದ್ದು ಬಹುಮಟ್ಟಿಗೆ ಈ ಒಂದು ಗುಣದಿಂದ.

ಉದಾಹರಣೆ ಕಿಸೆಯಲ್ಲೇ ಇದೆ. ಕಾರವಾರದಲ್ಲಿ ಕೆಲಸಕ್ಕಿರುವ ಮಗ ಅಂಕೋಲೆಯ ತಾಯಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಸಂದೇಶಕ್ಕೆ ಬೀಗ ಬೀಳುತ್ತದೆ. ಆ ಬೀಗದ ಗುಟ್ಟಿನ ಸಂಖ್ಯೆಯನ್ನು ಎರಡು ಫೋನುಗಳು ಸೇರಿ ಹುಟ್ಟಿಸಿಕೊಳ್ಳುವಾಗ ನಡೆಯುವ ಲೆಕ್ಕವೆಲ್ಲ ಒಂದು ದೊಡ್ಡ ಅವಿಭಾಜ್ಯದ ಗಡಿಯಾರದ ಮೇಲೆ ನಡೆಯುತ್ತದೆ. 2ನ್ನು 255 ಸಲ ಗುಣಿಸಿ, ಬಂದದ್ದರಿಂದ 19 ಕಳೆದರೆ ಆ ಅವಿಭಾಜ್ಯ ಸಿಗುತ್ತದೆ. ಅದು 77 ಅಂಕಿಗಳ ಸಂಖ್ಯೆ. ಡೇನಿಯಲ್ ಬರ್ನ್‌ಸ್ಟೀನ್ ಎಂಬ ಗಣಿತಜ್ಞ 2006ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಆರಿಸಿಕೊಂಡ. ಅದರ ಕೊನೆಯಂಕಿ ಏನೆಂದು ಬಾಯಲ್ಲೇ ಹೇಳಬಹುದು. ಎರಡರ ಘಾತಗಳ ಕೊನೆಯಂಕಿ 2, 4, 8, 6 ಎಂದು ನಾಲ್ಕು ನಾಲ್ಕಕ್ಕೆ ಸುತ್ತುತ್ತಿರುತ್ತದೆ. 255ನ್ನು 4ರಿಂದ ಭಾಗಿಸಿದರೆ 3 ಉಳಿಯುತ್ತದೆ, ಹಾಗಾಗಿ ಕೊನೆಯಂಕಿ 8. ಅದರಿಂದ 19 ಕಳೆದರೆ ಕೊನೆಗೆ ಉಳಿಯುವುದು 9.

ಆ 19ನ್ನು ಸುಮ್ಮನೆ ಆರಿಸಿದ್ದಲ್ಲ. ಎರಡರ 255ನೇ ಘಾತಕ್ಕಿಂತ ಕೆಳಗಿರುವ ಅವಿಭಾಜ್ಯಗಳಲ್ಲಿ ಅತಿ ದೊಡ್ಡದು 19 ಕಳೆದಾಗ ಸಿಗುವುದೇ. ಘಾತಕ್ಕೆ ಅಷ್ಟು ಹತ್ತಿರ ಇರುವುದರಿಂದ ಶೇಷ ಕಂಡುಹಿಡಿಯುವುದು ಹಗುರವಾಗುತ್ತದೆ. ನಮ್ಮ ಅಳತೆಗೆ ಇಳಿಸಿ ನೋಡೋಣ. ನೂರಕ್ಕಿಂತ ಮೂರು ಕಡಿಮೆಯ 97 ಕೂಡ ಅವಿಭಾಜ್ಯ. ಕಾರವಾರದ ಪಿನ್‌ಕೋಡನ್ನು 97ರಿಂದ ಭಾಗಿಸಿದಾಗಿನ ಶೇಷ ಬೇಕು ಎಂದುಕೊಳ್ಳಿ. ನೂರನ್ನು 97ರಿಂದ ಭಾಗಿಸಿದರೆ 3 ಉಳಿಯುತ್ತದಾದ್ದರಿಂದ, ಪ್ರತಿ ನೂರರ ಜಾಗದಲ್ಲೂ ಮೂರು ಇಟ್ಟರಾಯಿತು. 58, 13, 01 ಎಂದು ಬಿಡಿಸಿಕೊಳ್ಳಿ. 58ರ ಮೂರು ಪಟ್ಟಿಗೆ 13 ಸೇರಿಸಿದರೆ 187. ಅದರ ನೂರನ್ನು ಮೂರು ಮಾಡಿದರೆ 90. ಅದರ ಮೂರು ಪಟ್ಟಿಗೆ 1 ಸೇರಿಸಿದರೆ 271. ಅದರ ಇನ್ನೂರನ್ನು ಆರು ಮಾಡಿದರೆ 77. ಶೇಷ 77. ಭಾಗಾಕಾರದ ಗೊಡವೆಯೇ ಬರಲಿಲ್ಲ. ಫೋನು ಮಾಡುವುದೂ ಇದನ್ನೇ, ನೂರು ಮತ್ತು ಮೂರರ ಬದಲು ಅಲ್ಲಿ ಎರಡರ 255ನೇ ಘಾತ ಮತ್ತು 19.

ಬೀಗ ಹಾಕುವ ಇನ್ನೊಂದು ವಿಧಾನಕ್ಕೆ ಶಿರಸಿಯ ಪಿನ್‌ಕೋಡು ಹೇಳಿ ಮಾಡಿಸಿದಂತಿದೆ. 581401 ನೋಡುವುದಕ್ಕೆ ಅವಿಭಾಜ್ಯದಂತೆಯೇ ಇದೆ. 7ರಿಂದ ಹೋಗದು, 17 ಮತ್ತು 19ರಿಂದ ಒಂದೊಂದು ಉಳಿಯುತ್ತದೆ. ಒಂದೊಂದೇ ಅವಿಭಾಜ್ಯವನ್ನು ದಾಟುತ್ತ 82ನೆಯದಕ್ಕೆ ಬಂದಾಗ ಗಂಟು ಬಿಚ್ಚುತ್ತದೆ: 421ನ್ನು 1381ರಿಂದ ಗುಣಿಸಿದರೆ ಶಿರಸಿ. ಎರಡೂ ಅವಿಭಾಜ್ಯಗಳು. ಗುಣಿಸುವುದು ಒಂದು ನಿಮಿಷದ ಕೆಲಸ. ಬಿಡಿಸುವುದಕ್ಕೆ 82 ಭಾಗಾಕಾರ. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಆಡಲ್‌ಮನ್ ಈ ಅಂತರವನ್ನೇ ಬೀಗವಾಗಿ ಮಾಡಿದರು. ಇಂದು ಅಂತರ್ಜಾಲದಲ್ಲಿ ಬಳಕೆಯಲ್ಲಿರುವ ಅಂಥ ಬೀಗಗಳಲ್ಲಿ 617 ಅಂಕಿಗಳ ಸಂಖ್ಯೆಗಳು ಸಾಮಾನ್ಯ. ಅವೂ ಶಿರಸಿಯಂತೆ ಎರಡು ಅವಿಭಾಜ್ಯಗಳ ಗುಣಲಬ್ಧಗಳೇ. ಸಂಖ್ಯೆ ಎಲ್ಲರಿಗೂ ಕಾಣುತ್ತದೆ, ಬಿಡಿಸಲು ಮಾತ್ರ ಯಾರಿಗೂ ಆಗುವುದಿಲ್ಲ.

ಇಲ್ಲಿ ಅಕ್ಕನ ಮಗಳು ಕೇಳಿದ ಪ್ರಶ್ನೆ ಸರಿಯಾಗಿತ್ತು. ಅಷ್ಟು ದೊಡ್ಡ ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ಎಂದು ತಿಳಿಯುವುದಾದರೂ ಹೇಗೆ? ವಾಟ್ಸ್‌ಆ್ಯಪ್‌ನ ಆ 77 ಅಂಕಿಗಳ ಸಂಖ್ಯೆಯನ್ನೇ ನಾವು ಮಾಡಿದಂತೆ ಭಾಗಿಸುತ್ತ ಕೂತರೆ 39 ಅಂಕಿಗಳ ಸಂಖ್ಯೆಯವರೆಗೆ ಹೋಗಬೇಕು. ಸೆಕೆಂಡಿಗೆ ಲಕ್ಷ ಕೋಟಿ ಭಾಗಾಕಾರ ಮಾಡುವ ಯಂತ್ರಕ್ಕೂ ಕೋಟ್ಯಂತರ ವರ್ಷ ಸಾಲದು.

ಭಾಗಿಸದೆಯೂ ತಿಳಿಯಬಹುದು, ಗಣಿತದ ಸೊಬಗು ಇರುವುದೇ ಇಲ್ಲಿ. 7 ಅವಿಭಾಜ್ಯ, ಅದಕ್ಕಿಂತ ಒಂದು ಕಡಿಮೆ, ಅಂದರೆ 6 ಸಲ 2ನ್ನು ಗುಣಿಸಿದರೆ 64. ಅದನ್ನು 7ರಿಂದ ಭಾಗಿಸಿದರೆ 1 ಉಳಿಯುತ್ತದೆ. 2ನ್ನು ಬಿಟ್ಟು ಪ್ರತಿ ಅವಿಭಾಜ್ಯಕ್ಕೂ ಹೀಗೆ 1 ಉಳಿಯಲೇಬೇಕು ಎಂಬುದು ಫ್ರಾನ್ಸಿನ ಫರ್ಮಾ ಕಂಡ ನಿಯಮ. 15ಕ್ಕೆ ಮಾಡಿ ನೋಡಿ. 2ರ 14ನೇ ಘಾತ 16384. ಅದನ್ನು 15ರಿಂದ ಭಾಗಿಸಿದರೆ 4 ಉಳಿಯುತ್ತದೆ. 1 ಉಳಿಯಲಿಲ್ಲವಾದ್ದರಿಂದ 15 ಅವಿಭಾಜ್ಯವಲ್ಲ. 3 ಮತ್ತು 5ರ ಹೆಸರೆತ್ತದೆಯೇ ಅದು ಒಡೆಯುತ್ತದೆ ಎಂದು ತಿಳಿಯಿತು! ಆದರೆ ಈ ಪರೀಕ್ಷೆಗೆ ಮೋಸ ಮಾಡುವ ಸಂಖ್ಯೆಗಳೂ ಇವೆ. 341 ಎಂದರೆ 11 ಗುಣಿಸು 31, ಆದರೂ ಅದು 2ರ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ.

ಎಂದೂ ಮೋಸಹೋಗದ, ಯಾವ ಸಂಖ್ಯೆಗಾದರೂ ನಡೆಯುವ, ಅಂಕಿಗಳು ಬೆಳೆದಂತೆ ಹೊತ್ತು ಮಿತಿಮೀರದ ಪರೀಕ್ಷೆ ಇದೆಯೇ? ಶತಮಾನಗಳ ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಭಾರತದಲ್ಲಿ. 2002ರ ಆಗಸ್ಟ್‌ನಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ಆಗಷ್ಟೇ ಬಿ.ಟೆಕ್ ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಸೇರಿ ಅಂಥದೊಂದು ಪರೀಕ್ಷೆಯನ್ನು ಜಗತ್ತಿನ ಮುಂದಿಟ್ಟರು. ಮೂವರ ಅಡ್ಡಹೆಸರಿನ ಮೊದಲಕ್ಷರಗಳಿಂದ ಅದು ಎಕೆಎಸ್ ಪರೀಕ್ಷೆ ಎಂದೇ ಹೆಸರಾಯಿತು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ಗೆ ಬಂದರು. 2021ರ ಇನ್ಫೊಸಿಸ್ ಪ್ರಶಸ್ತಿ ಗಣಿತ ವಿಭಾಗದಲ್ಲಿ ಅವರಿಗೆ ಸಂದಿತು. ಇಪ್ಪತ್ತರ ಆಚೀಚಿನ ಇಬ್ಬರು ಹುಡುಗರು ಪಾಲುದಾರರಾದ ಈ ಸಾಧನೆ ನಮ್ಮ ಶಾಲಾ ಪುಸ್ತಕಗಳಲ್ಲಿ ಒಂದು ಪುಟವನ್ನಾದರೂ ಪಡೆಯಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ಹೇಳಬೇಕಾದದ್ದು ನಮ್ಮ ನೆಲದ್ದೇ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಅದರ ಆರಂಭದಲ್ಲಿ ಆ ದೊರೆಯ ಸ್ತುತಿಯಿದೆ. ಇಂದಿನ ಉತ್ತರ ಕನ್ನಡದ ಬನವಾಸಿ ಆಗ ಅಮೋಘವರ್ಷನ ಸಾಮಂತ ಬಂಕೇಯನ ಆಡಳಿತದಲ್ಲಿತ್ತು. ಗುಣಾಕಾರದ ಭಾಗದಲ್ಲಿ ಮಹಾವೀರಾಚಾರ್ಯರು ಕೆಲವು ಬೆರಗಿನ ಲೆಕ್ಕಗಳನ್ನು ಕೊಡುತ್ತಾರೆ. 139ನ್ನು 109ರಿಂದ ಗುಣಿಸಿದರೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ಗುಣಿಸಿದ ಎರಡೂ ಅವಿಭಾಜ್ಯಗಳು. 27994681ನ್ನು 441ರಿಂದ ಗುಣಿಸಿದರೆ 12345654321. 152207ನ್ನು 73ರಿಂದ ಗುಣಿಸಿದರೆ 11111111. ಇಂಥ ಉತ್ತರಗಳನ್ನು ಅವರು ಕೊರಳ ಹಾರಗಳೆಂದು ಕರೆದರು.

ಅಂಕೋಲೆಯವರಿಗೆ ಹಾರ ಎಂದ ಕೂಡಲೇ ಹಾಲಕ್ಕಿ ಸಮುದಾಯದ ಹೆಂಗಸರ ಕೊರಳು ತುಂಬಿದ ಮಣಿಸರಗಳು ಕಣ್ಣ ಮುಂದೆ ಬರುತ್ತವೆ. ಬಡಿಗೇರಿಯ ಜಾನಪದ ಹಾಡುಗಾರ್ತಿ, ಪದ್ಮಶ್ರೀ ಸುಕ್ರಿ ಬೊಮ್ಮಗೌಡರ ಚಿತ್ರ ನೋಡಿದವರಾರೂ ಆ ಸರಗಳನ್ನು ಮರೆಯಲಾರರು. ಒಂದೊಂದು 1ನ್ನೂ ಒಂದೊಂದು ಮಣಿ ಎಂದುಕೊಳ್ಳಿ. ಎಂಟು ಮಣಿಗಳ ಸರ 11111111. ಅದನ್ನು ಎರಡೆರಡು ಮಣಿಗಳಾಗಿ ಸಮನಾಗಿ ತುಂಡರಿಸಬಹುದು: 11, 11, 11, 11. ಹಾಗಾದ್ದರಿಂದ ಇಡೀ ಸರ 11ರಿಂದ ಭಾಗವಾಗುತ್ತದೆ. ನಾಲ್ಕು ನಾಲ್ಕಾಗಿಯೂ ತುಂಡರಿಸಬಹುದು, ಹಾಗಾಗಿ 1111ರಿಂದಲೂ ಭಾಗವಾಗುತ್ತದೆ. ಮಹಾವೀರಾಚಾರ್ಯರ ಈ ಹಾರವನ್ನು ಪೂರ್ತಿ ಬಿಡಿಸಿದರೆ 11, 73, 101, 137 ಎಂಬ ನಾಲ್ಕು ಅವಿಭಾಜ್ಯಗಳು ಸಿಗುತ್ತವೆ. ಸರ ಒಡೆಯಬಾರದು ಎಂದಿದ್ದರೆ ಮಣಿಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು. ಅಷ್ಟಿದ್ದರೂ ಸಾಲದು. ಏಳು ಮಣಿಗಳ 1111111ನ್ನು ಸಮನಾಗಿ ತುಂಡರಿಸಲಾಗದು, ಆದರೂ ಅದು 239 ಮತ್ತು 4649ರ ಗುಣಲಬ್ಧ.

ಈಗ ಹತ್ತರ ಮಗ್ಗಿಯನ್ನು ಬಿಟ್ಟು ಎರಡರ ಲೆಕ್ಕಕ್ಕೆ ಬನ್ನಿ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಮಣಿಗಳ ಬೆಲೆ ಬಲದಿಂದ ಎಡಕ್ಕೆ 1, 2, 4, 8, 16 ಎಂದು ಇಮ್ಮಡಿಸುತ್ತದೆ. ಐದು ಮಣಿಗಳ ಸರ ಎಂದರೆ 31, ಅಂದರೆ 2ರ 5ನೇ ಘಾತದಲ್ಲಿ ಒಂದು ಕಡಿಮೆ. ಎರಡು, ಮೂರು, ಐದು, ಏಳು ಮಣಿಗಳ ಸರಗಳಾದ 3, 7, 31, 127 ಎಲ್ಲವೂ ಅವಿಭಾಜ್ಯ. ಹನ್ನೊಂದು ಮಣಿಗಳಿಗೆ ಬಂದಾಗ 2047, ಅದು 23 ಮತ್ತು 89ಕ್ಕೆ ಒಡೆಯುತ್ತದೆ. ಇಂಥ ಸರಗಳಲ್ಲಿ ಒಡೆಯದವುಗಳಿಗೆ 17ನೇ ಶತಮಾನದ ಫ್ರೆಂಚ್ ಪಾದ್ರಿ ಮರ್ಸೆನ್‌ನ ಹೆಸರು ಅಂಟಿಕೊಂಡಿದೆ. ಮಹಾವೀರಾಚಾರ್ಯರು ಮರ್ಸೆನ್ ಸಂಖ್ಯೆಗಳನ್ನು ಕಂಡಿದ್ದರು ಎಂದು ನಾನು ಹೇಳುತ್ತಿಲ್ಲ. ಅವರ ಹಾರ ಹತ್ತರದ್ದು. ಆದರೆ ಬರೀ ಒಂದುಗಳ ಸರವನ್ನು ಹೆಣೆದು, ಅದರೊಳಗೆ ಏನು ಅಡಗಿದೆ ಎಂದು ನೋಡುವ ಕುತೂಹಲ ಎರಡೂ ಕಡೆ ಒಂದೇ.

67 ಮಣಿಗಳ ದ್ವಿಮಾನ ಸರದ ಕಥೆ ಗಣಿತದ ಮೇಷ್ಟ್ರುಗಳಿಗೆ ಪ್ರಿಯವಾದದ್ದು. ಅದು ಅವಿಭಾಜ್ಯ ಎಂದು ಮರ್ಸೆನ್ ನಂಬಿದ್ದ. ಅಲ್ಲ, ಅದು ಒಡೆಯುತ್ತದೆ ಎಂದು 1876ರಲ್ಲಿ ಎಡುವಾರ್ಡ್ ಲ್ಯೂಕಾ ಸಾಧಿಸಿದ, ಆದರೆ ಯಾವುದರಿಂದ ಒಡೆಯುತ್ತದೆ ಎಂದು ಹೇಳಲಾಗಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ಕೋಲ್ ಗಣಿತಜ್ಞರ ಸಭೆಯೊಂದರಲ್ಲಿ 193707721 ಮತ್ತು 761838257287ನ್ನು ಹಲಗೆಯ ಮೇಲೆ ಗುಣಿಸಿ ತೋರಿಸಿದ. ಉತ್ತರ ಸರಿಯಾಗಿ ಆ ಸರವೇ ಆಗಿತ್ತು.

2024ರ ಅಕ್ಟೋಬರ್‌ನಲ್ಲಿ ದಾಖಲೆ ಮುರಿದು ಸಿಕ್ಕಿದ, ಒಡೆಯದ ದ್ವಿಮಾನ ಸರಕ್ಕೆ 136279841 ಮಣಿಗಳು, ಅಂದರೆ ಹದಿಮೂರೂವರೆ ಕೋಟಿಗೂ ಹೆಚ್ಚು. ನಮ್ಮ ಹತ್ತರ ಲೆಕ್ಕದಲ್ಲಿ ಬರೆದರೆ 41024320 ಅಂಕಿಗಳು. ಅಮೆರಿಕದ ಲ್ಯೂಕ್ ಡ್ಯುರಾಂಟ್ ಎಂಬ ಎಂಜಿನಿಯರ್ ಇದನ್ನು ಹುಡುಕಿದ್ದು ಜಿಂಪ್ಸ್ ಎಂಬ ಸ್ವಯಂಸೇವಕರ ಕೂಟದ ಮೂಲಕ. 1996ರಿಂದ ಈ ಹುಡುಕಾಟ ನಡೆಸಿಕೊಂಡು ಬಂದಿರುವ ಕೂಟ ಅದು. ಡಬ್ಲಿನ್‌ನ ಒಂದು ಯಂತ್ರ ಅಕ್ಟೋಬರ್ 11ರಂದು ಮೊದಲ ಸುಳಿವು ಕೊಟ್ಟಿತು, ಮರುದಿನ ಟೆಕ್ಸಾಸ್‌ನ ಇನ್ನೊಂದು ಯಂತ್ರ ಖಚಿತಪಡಿಸಿತು. ಅದಕ್ಕೂ ಹಿಂದಿನ ದಾಖಲೆ 2018ರದ್ದು, 24862048 ಅಂಕಿಗಳದ್ದು.

ಒಂದೊಂದು ಅಂಕಿಗೆ ಎರಡು ಮಿಲಿಮೀಟರ್ ಜಾಗ ಕೊಟ್ಟು ಈ ಸಂಖ್ಯೆಯನ್ನು ಸಾಲಾಗಿ ಬರೆದರೆ 82 ಕಿಲೋಮೀಟರ್ ಆಗುತ್ತದೆ. ಕಾರವಾರದ ಕಡಲತೀರದಿಂದ ಹೊರಟು ಅಂಕೋಲೆಗೆ ಹೋಗಿ ಕಾರವಾರಕ್ಕೆ ಮರಳಿದರೂ ಸಾಲು ಮುಗಿಯದು. ದ್ವಿಮಾನದ ಒಂದುಗಳಾಗಿ ಬರೆದರೆ ಹೆಚ್ಚುಕಡಿಮೆ ಮಂಗಳೂರು ತಲುಪುತ್ತದೆ. ಅಷ್ಟು ಉದ್ದದ ಸಾಲಿನ ಕಟ್ಟಕಡೆಯ ಅಂಕಿಯನ್ನು ಅಕ್ಕನ ಮಗಳು ಅರೆ ನಿಮಿಷದಲ್ಲಿ ಹೇಳಿದಳು. 136279841ನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾಗಿ ಘಾತದ ಕೊನೆಯಂಕಿ 2, ಒಂದು ಕಳೆದರೆ 1.

ಅದು ಅವಿಭಾಜ್ಯ ಎಂದು ಸಾಧಿಸಿದ ಬಗೆಯನ್ನೂ ಅವಳ ಪಟ್ಟಿಯಲ್ಲೇ ಬರೆದೆವು. ಲ್ಯೂಕಾ ಹಾಕಿದ ದಾರಿಯನ್ನು ಲೆಹ್ಮರ್ ಎಂಬಾತ 1930ರ ಸುಮಾರಿಗೆ ನೇರ ಮಾಡಿದ. 4ರಿಂದ ಹೊರಡಿ. ವರ್ಗ ಮಾಡಿ, 2 ಕಳೆಯಿರಿ, ಸರದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಮಣಿಗಳ ಎಣಿಕೆಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಉಳಿದರೆ ಅವಿಭಾಜ್ಯ, ಇಲ್ಲವಾದರೆ ಅಲ್ಲ. ಏಳು ಮಣಿಗಳ 127ಕ್ಕೆ ಐದು ಹೆಜ್ಜೆ. 4ರಿಂದ 14. 14ರಿಂದ 194, ಶೇಷ 67. 67ರಿಂದ 4487, ಶೇಷ 42. 42ರಿಂದ 1762, ಶೇಷ 111. 111ರಿಂದ 12319, ಅದು 127ರ ಸರಿಯಾಗಿ 97 ಪಟ್ಟು. ಶೇಷ ಸೊನ್ನೆ! ಟೆಕ್ಸಾಸಿನ ಯಂತ್ರ ಮಾಡಿದ್ದೂ ಇದನ್ನೇ, ಐದರ ಬದಲು 136279839 ಸಲ. ಒಂದಂಕಿ ತಪ್ಪಿದ್ದರೂ ಕೊನೆಗೆ ಸೊನ್ನೆ ಬರುವ ಭರವಸೆ ಇರುತ್ತಿರಲಿಲ್ಲ. ಒಂಬತ್ತನೇ ತರಗತಿಯ ಗುಣಾಕಾರ, ವ್ಯವಕಲನ, ಭಾಗಾಕಾರ ಬಿಟ್ಟು ಅದರಲ್ಲಿ ಬೇರೇನೂ ಇಲ್ಲ.

ಇಷ್ಟು ದೊಡ್ಡ ಅವಿಭಾಜ್ಯದಿಂದ ಏನು ಉಪಯೋಗ ಎಂದು ಕೇಳುವವರಿದ್ದಾರೆ. ಬೀಗಗಳಿಗೆ ಕೆಲವು ನೂರು ಅಂಕಿಗಳು ಧಾರಾಳ ಸಾಕು, ನಾಲ್ಕು ಕೋಟಿ ಅಂಕಿಗಳದ್ದು ಬೇಕಾಗಿಲ್ಲ. ಆದರೂ ಈ ಹುಡುಕಾಟ ವ್ಯರ್ಥವೆಂದು ನಾನು ಒಪ್ಪುವುದಿಲ್ಲ. ಮಹಾವೀರಾಚಾರ್ಯರ ಹಾರಗಳಿಗೂ ರಾಷ್ಟ್ರಕೂಟರ ಖಜಾನೆಯಲ್ಲಿ ಉಪಯೋಗವಿರಲಿಲ್ಲ. ಫರ್ಮಾ ತನ್ನ ನಿಯಮವನ್ನು 1640ರಲ್ಲಿ ಬರೆದಾಗ ಅದರಿಂದ ಯಾವ ಬೀಗವೂ ಆಗಿರಲಿಲ್ಲ. ಮುನ್ನೂರು ವರ್ಷ ದಾಟಿದ ಮೇಲೆ ಆಯಿತು.

ಉತ್ತರ ಕನ್ನಡದ ಶಿಕ್ಷಕರಲ್ಲಿ ಒಂದು ಕೋರಿಕೆ. ಅವಿಭಾಜ್ಯದ ಪಾಠ ಬಂದಾಗ ಮಕ್ಕಳಿಗೆ ತಮ್ಮ ತಮ್ಮ ಊರಿನ ಪಿನ್‌ಕೋಡನ್ನೇ ಬಿಡಿಸಲು ಕೊಡಿ. ಕುಮಟೆಯ 581343ಕ್ಕೆ ಅಂಕಿಗಳನ್ನು ಕೂಡಿಸುವುದಷ್ಟೇ ಸಾಕು. ಹಳಿಯಾಳದ 581329 ಏಳರ ಮಗ್ಗಿಗೆ ಸಿಗುತ್ತದೆ. ಯಲ್ಲಾಪುರದ 581359 ಸ್ವಲ್ಪ ಕಾಡಿಸುತ್ತದೆ. ಅದನ್ನು ಒಡೆಯುವ ಅವಿಭಾಜ್ಯ ಎರಡಂಕಿಯದ್ದು, ಈ ಲೇಖನದಲ್ಲೇ ಬಂದುಹೋಗಿದೆ.